ಎಣಿಕೆಯ ದಿನ ಉಟ್ಟ ಸೀರೆ

ನಮ್ಮ ಅಕ್ಕ ಬಬ್ಬೂರಿನ ಕಡೆಯ ತೋಟಗಳಿಗೆ ಕೂಲಿಗೆ ಹೋಗುತ್ತಾಳೆ. ಹಿರಿಯೂರಿನ ಅಂಚಿನಲ್ಲಿರುವ ಅವಳ ಮನೆಯಿಂದ ಅಲ್ಲಿಗೆ ನಡಿಗೆಯೇ. ಆ ರಸ್ತೆಯಲ್ಲಿ ಡಾಂಬರು ಮುಗಿದಲ್ಲೇ ಜಾಲಿಮುಳ್ಳು ಶುರು, ನಡುವೆ ಕಾಲಿಡಲು ಜಾಗವಿಲ್ಲ. ಕೆಲವು ವರ್ಷಗಳ ಹಿಂದೆ ಟೆಂಪೊ ಒಂದರ ಕನ್ನಡಿ ಬಡಿದು ಅವಳು ಮುಳ್ಳಿನ ಪೊದೆಗೆ ಬಿದ್ದಳು. ಎಡ ಭುಜ ಇನ್ನೂ ನೆಟ್ಟಗಾಗಿಲ್ಲ. ಅಲ್ಲಿಂದೀಚೆಗೆ ಬೆಳಗಿನ ಹೊತ್ತು ಫೋನು ಬಡಿದುಕೊಂಡರೆ ಅಕ್ಕನಿಗೇ ಏನೋ ಆಯಿತೆಂದು ಓಡಿ ಎತ್ತುತ್ತಿದ್ದೆ.

ನಾನು ಊರಿನ ಕಚೇರಿಯೊಂದರಲ್ಲಿ ಗುಮಾಸ್ತೆ. ಕಾಲುದಾರಿಗೆ, ಸೈಕಲ್ ದಾರಿಗೆ ಎಂದೇ ಅನುದಾನವಿದೆ ಎಂಬ ಸುತ್ತೋಲೆ ನನ್ನ ಮೇಜಿಗೆ ಬಂದಾಗ ಕಣ್ಣ ಮುಂದೆ ಬಂದದ್ದು ಆ ರಸ್ತೆಯೇ. ಸಾಹೇಬರ ಬೆನ್ನು ಬಿದ್ದು ಅದರ ಹೆಸರು ಪಟ್ಟಿಗೆ ಸೇರಿಸಿದೆ.

ಹಣಕ್ಕೆ ನಿಯಮಗಳಿದ್ದವು. ಅದರಲ್ಲಿ ಡಾಂಬರು ಹಾಕುವಂತಿಲ್ಲ, ಚರಂಡಿ ತೋಡುವಂತಿಲ್ಲ. ಮೊದಲು ಒಂದು ದಿನ ರಸ್ತೆಬದಿ ಕುಳಿತು ನಡೆಯುವವರನ್ನೂ ಸೈಕಲ್ಲಿನವರನ್ನೂ ಎಣಿಸಬೇಕು. ಸಾಕಷ್ಟು ಜನ ಕಂಡರೆ ಯೋಜನೆ, ಯೋಜನೆಗೆ ಒಪ್ಪಿಗೆ ಸಿಕ್ಕರೆ ಹಣ. ಜನ ಕಾಣದಿದ್ದರೆ ಹಣ ಬೇರೆ ಊರಿಗೆ. ಮುಳ್ಳು ತುಳಿದು ನಡೆಯುವುದೂ ಅಲ್ಲದೆ, ನಡೆಯುತ್ತೇವೆ ಎಂದು ಸಾಬೀತು ಬೇರೆ ಮಾಡಬೇಕು. ಓದಿ ಸಿಟ್ಟು ಬಂತು. ಆದರೂ ಎಣಿಸುವವರಿಗೆ ಎಣಿಸಿ ಎಣಿಸಿ ಸಾಕಾಗಬೇಕು, ಅಷ್ಟು ಜನ ಆ ದಾರಿಯಲ್ಲಿದ್ದಾರೆ ಎಂಬ ಧೈರ್ಯವಿತ್ತು.

ಇನ್ನೊಂದು ನಿಯಮವೂ ಇತ್ತು. ಎಣಿಕೆಯ ವಿಷಯವನ್ನು ಸಾರ್ವಜನಿಕರಿಗೆ ಮುಂಚಿತವಾಗಿ ತಿಳಿಸತಕ್ಕದ್ದು. ಕಸದ ಗಾಡಿಯ ಮೈಕಿನಲ್ಲಿ ಕೂಗಿಸಿದರು. ನಾಳೆ ಬೆಳಿಗ್ಗೆ ಸರ್ಕಾರದವರು ಬಂದು ರಸ್ತೆಯಲ್ಲಿ ಓಡಾಡುವವರನ್ನು ನೋಡುತ್ತಾರೆ ಎಂದು ಓಣಿ ಓಣಿಗೂ ಗೊತ್ತಾಯಿತು.

ಮರುದಿನ ಎಣಿಸುವವರ ಜೊತೆ ನಾನೂ ಹುಣಸೆಮರದ ಕೆಳಗೆ ಕುಳಿತೆ. ಹೊತ್ತು ಏರಿತು, ನಡೆದು ಬರುವವರು ಕಾಣಲಿಲ್ಲ. ಬಂದದ್ದು ಆಟೊಗಳು. ದಿನಾ ಬುತ್ತಿ ಹಿಡಿದು ನಡೆಯುವ ಹೆಂಗಸರೆಲ್ಲ ಹೂ ಮುಡಿದು ಅವುಗಳೊಳಗೆ ಕಿಕ್ಕಿರಿದು ಕುಳಿತಿದ್ದರು. ಗಂಡಸರು ಒಂದೊಂದು ಬೈಕಿಗೆ ಮೂವರು. ದಿನಾ ಅದೇ ರಸ್ತೆಯಲ್ಲಿ ಕುರಿ ಹೊಡೆದುಕೊಂಡು ಬರುವ ಮುದುಕನೂ ಮಂದೆಯನ್ನು ಹೊಲದ ಬದುವಿಗೆ ತಿರುಗಿಸಿ, ಯಾರದೋ ಬೈಕಿನ ಹಿಂದೆ ಗಂಭೀರವಾಗಿ ಕುಳಿತು ಹೋದ. ಕೊನೆಗೆ ಅಕ್ಕ ಬಂದಳು. ದೀಪಾವಳಿಗೆ ನಾನೇ ಕೊಡಿಸಿದ ಸೀರೆ ಉಟ್ಟು, ಆಟೊದಿಂದ ನನ್ನತ್ತ ಕೈ ಬೀಸಿದಳು.

ಎಣಿಸುವವನು ಆಕಳಿಸುತ್ತಾ ಕೇಳಿದ. “ಮೇಡಂ, ಈ ರೋಡಲ್ಲಿ ಯಾರು ನಡೀತಾರ್ರಿ?”

ಸಂಜೆ ನೇರವಾಗಿ ಅಕ್ಕನ ಮನೆಗೆ ಹೋಗಿ ಕೂಗಾಡಿದೆ. ಇವತ್ತೊಂದು ದಿನ ನಡೆದಿದ್ದರೆ ನಿಮಗೇ ಕಾಲುದಾರಿ ಬರುತ್ತಿತ್ತು, ಕಾಲು ಸವೆಯುತ್ತಿತ್ತೇ ಎಂದೆ.

“ಗೌರ್ಮೆಂಟ್ನೋರು ಕುಂತ್ಕಂಡು ನೋಡ್ತಾರೆ ಅಂದ್ರೆ, ಗತಿಯಿಲ್ದೋರ ಥರ ನಡ್ಕಂಡು ಹೋಗಾಕಾಗುತ್ತಾ? ನಮ್ಗೂ ಮಾನ ಮರ್ಯಾದೆ ಐತೆ ಕಣೇ” ಎಂದಳು. ಆಟೊಗೆ ಓಣಿಯವರೆಲ್ಲ ಸೇರಿ ದುಡ್ಡು ಹಾಕಿದ್ದರಂತೆ.

ಚಿತ್ರದುರ್ಗಕ್ಕೆ ಹೋದ ಕಡತ ವಾಪಸಾಯಿತು. ಪಾದಚಾರಿಗಳು ಇಲ್ಲದ ಕಾರಣ ಪರಿಗಣಿಸಿಲ್ಲ ಎಂದಿತ್ತು. ಹಣ ಬೇರೆ ತಾಲೂಕಿಗೆ ಹೋಯಿತು. ಎಣಿಕೆಯ ಮರುದಿನದಿಂದಲೇ ಅಕ್ಕ ಎಂದಿನಂತೆ ಅದೇ ಡಾಂಬರಿನ ಅಂಚಿನಲ್ಲಿ ನಡೆಯುತ್ತಿದ್ದಳು. ಸಿಕ್ಕಾಗಲೆಲ್ಲ “ದಾರಿ ಬಂತೇನೆ?” ಎಂದು ಕೇಳುವುದನ್ನು ಮಾತ್ರ ಬಿಡಲಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮುಂದಿನ ವರ್ಷ ಮತ್ತೆ ಅರ್ಜಿ ಹಾಕಿದೆವು. ಈ ಸಲವೂ ನಿಯಮ ಮೀರಲಿಲ್ಲ, ಸಾರ್ವಜನಿಕರಿಗೆ ನೋಟಿಸ್ ಹಚ್ಚಿದೆವು. ಕಚೇರಿಯ ಗೋಡೆಗೆ, ಹಳೇ ಹರಾಜು ನೋಟಿಸುಗಳ ಪಕ್ಕಕ್ಕೆ. ಅಲ್ಲಿ ಸಾರ್ವಜನಿಕರು ಎಲೆಯಡಿಕೆ ಉಗಿಯಲು ಮಾತ್ರ ನಿಲ್ಲುತ್ತಾರೆ. ಅಕ್ಕನಿಗೂ ನಾನು ಬಾಯಿ ಬಿಡಲಿಲ್ಲ.

ಎಣಿಕೆ ನಡೆದ ದಿನ ಸಂಜೆ ಅಕ್ಕನೇ ನನ್ನ ಮನೆಗೆ ಬಂದಳು, ಮುಖ ಕೆಂಪಗಾಗಿತ್ತು.

“ಹುಣಸೆಮರದ ಕೆಳಗೆ ಕುಂತಿದ್ರು. ಹೇಳ್ಬಾರ್ದಾ? ಕೂಲಿ ಸೀರೇಲಿದ್ದೆ, ಸೆರಗೆಲ್ಲ ಹರಿದಿತ್ತು.”

“ಸೀರೆ ಯಾರೂ ಬರ್ಕಳಲ್ಲ ಕಣಕ್ಕ. ನೀನು ನಡೆದೆ ಅಂತ ಬರ್ಕಂಡ್ರು, ಅಷ್ಟೇ.”

“ಇಷ್ಟು ವರ್ಷ ನಡೆದಿದ್ದು ಯಾರ ಕಣ್ಣಿಗೂ ಬೀಳ್ಲಿಲ್ಲ. ಬೀಳೋದು ಹರಕು ಸೀರೆ ಉಟ್ಟ ದಿನವೇ ಆಗ್ಬೇಕಿತ್ತಾ?”

ಕಾಫಿ ಮಾಡಿ ಕೊಟ್ಟೆ. ಕುಡಿದು, ಸಿಟ್ಟು ಇಳಿಸದೆ ಎದ್ದು ಹೋದಳು.

ಕಡತ ಈ ಸಲ ವಾಪಸಾಗಲಿಲ್ಲ. ಜಾಲಿ ಕಡಿದು, ಡಾಂಬರಿನ ಪಕ್ಕದಲ್ಲಿ ಕಲ್ಲು ಹಾಸುತ್ತಾ ಬಂದರು. ಕೆಲಸ ಮುಗಿದ ಮರುದಿನ ಬೆಳಿಗ್ಗೆ ನಾನು ನೋಡಲೆಂದೇ ಹೋಗಿ ನಿಂತೆ. ಅಕ್ಕ ದೀಪಾವಳಿಯ ಸೀರೆ ಉಟ್ಟು, ಹೂ ಮುಡಿದು, ಬುತ್ತಿ ಹಿಡಿದು ಆ ಕಲ್ಲಿನ ಮೇಲೆ ನಿಧಾನವಾಗಿ ನಡೆದು ಬಂದಳು. ಅವತ್ತು ಎಣಿಸುವವರು ಯಾರೂ ಇರಲಿಲ್ಲ.