ಬಾವನ ನೀರೊಳಗಿನ ಕನ್ನಡಕ

ಸಂಜೆ ಐದು ಗಂಟೆ ಹತ್ತು ನಿಮಿಷ.

ಇಷ್ಟು ಕರಾರುವಾಕ್ಕಾಗಿ ಹೇಗೆ ಗೊತ್ತು ಅಂದರೆ, ಆಗಷ್ಟೇ ನಾನು ಮೊಬೈಲ್ ತೆಗೆದು ವಿಡಿಯೋ ಶುರು ಮಾಡಿದ್ದೆ. ಅದು ಇನ್ನೂ ನನ್ನ ಹತ್ತಿರ ಇದೆ. ಮೊದಲು ಕೃಷಿ ಹೊಂಡದ ನೀರು, ಆಮೇಲೆ ನಮ್ಮ ಬಾವನ ಬೆನ್ನು, ಆಮೇಲೆ ಒಂದು ಆನೆ, ಆಮೇಲೆ ಬರೀ ಆಕಾಶ. ಆಕಾಶ ಯಾಕೆಂದರೆ ಅಷ್ಟರಲ್ಲಿ ನಾನು ಪಂಪ್‌ಹೌಸಿನ ತಾರಸಿ ಮೇಲಿದ್ದೆ. (ಹೇಗೆ ಹತ್ತಿದೆ ಅಂತ ಕೇಳಬೇಡಿ. ಏಣಿ ಇರಲಿಲ್ಲ.)

ತಿಗನಾರೆಯಲ್ಲಿರುವ ಅಕ್ಕನ ಮನೆಗೆ ನಾನು ಹೋದದ್ದು ವಿಶ್ರಾಂತಿಗೆ. ಹೋದ ದಿನವೇ ಬಾವ ಹೊಂಡದಲ್ಲಿ ಪಂಪಿನ ಪೈಪ್ ತುದಿಯ ಫುಟ್‌ವಾಲ್ವಿಗೆ ಸಿಕ್ಕಿದ ಕಸ ತೆಗೆಯಲು ಬಗ್ಗಿ, ಕನ್ನಡಕವನ್ನು ನೀರಿಗೆ ಬೀಳಿಸಿಕೊಂಡು ಬಂದಿದ್ದರು. ದಪ್ಪ ಮೈನಸ್ ಗಾಜು. ಅದಿಲ್ಲದಿದ್ದರೆ ಅವರಿಗೆ ಅಕ್ಕ ಯಾರು, ಅಕ್ಕಿ ಮೂಟೆ ಯಾವುದು ಅಂತ ತಿಳಿಯುವುದಿಲ್ಲ. ಹೊಸದು ಚಾಮರಾಜನಗರದಿಂದ ಬರಬೇಕು. ವಾರ ಹಿಡಿಯುತ್ತದೆ. ಅಷ್ಟು ದಿನ ಯಾರು ಕಾಯುತ್ತಾರೆ?

ನೀರಿಗೆ ಇಳಿದು ಹುಡುಕುತ್ತೇನೆ ಅಂದರು. ಮನೆಯಲ್ಲಿ ಸ್ಕೂಬಾ ಮಾಸ್ಕ್ ಒಂದಿತ್ತು. ಅಕ್ಕನ ಮಗಳು ಕಾಲೇಜು ಟೂರಿಗೆ ಹೋದಾಗ ಸಮುದ್ರದ ನೆನಪಿಗೆ ತಂದದ್ದು, ಜೊತೆಗೆ ಉಸಿರಾಡಲು ಕಿತ್ತಳೆ ಬಣ್ಣದ ತುದಿಯ ಪೈಪು. ಆದರೆ ಕನ್ನಡಕ ಹುಡುಕಬೇಕಾದರೆ ಮೊದಲು ಕಣ್ಣು ಕಾಣಬೇಕು. ಕಣ್ಣು ಕಾಣಬೇಕಾದರೆ ಕನ್ನಡಕ ಬೇಕು. ಸಮಸ್ಯೆಯ ಈ ಸೌಂದರ್ಯ ಬಾವನಿಗೆ ಹೊಳೆಯಲೇ ಇಲ್ಲ. ಅವರು ಆಗಲೇ ಅಟ್ಟದಿಂದ ಹಳೆಯ ಕನ್ನಡಕ ತಂದಾಗಿತ್ತು.

(ಆ ಹಳೆಯದಕ್ಕೇ ದಾರ ಕಟ್ಟಿಕೊಂಡು ವಾರ ಕಳೆಯಬಾರದೇ ಅಂತ ಕೇಳಿದೆ. "ಓದಿರೋಳು ಐಡಿಯಾ ಕೊಡ್ತೀಯ ಅಂದ್ರ ತಮಾಸ ಮಾಡ್ತೀಯಲ್ಲವ್ವ" ಅಂದರು.)

ಪ್ರತಿ ಮನೆಯಲ್ಲೂ ಇಂಥವರು ಒಬ್ಬರು ಇರುತ್ತಾರೆ, ಅಲ್ಲವೇ? ಮಿಕ್ಸಿ ಜಾರಿಗೆ ಸೈಕಲ್ ಟ್ಯೂಬು ಸುತ್ತುವವರು, ರಿಮೋಟಿಗೆ ರಬ್ಬರ್ ಬ್ಯಾಂಡ್ ಹಾಕುವವರು. ಅಂಗಡಿಗೆ ಹೋಗುವುದೆಂದರೆ ಅವರಿಗೆ ಸೋಲು.

ಮೊದಲ ಪ್ರಯೋಗ: ಕನ್ನಡಕ ಹಾಕಿಕೊಂಡು ಅದರ ಮೇಲೇ ಮಾಸ್ಕ್. ಬಚ್ಚಲಿನ ಬಕೆಟ್ಟಿನಲ್ಲಿ ತಲೆ ಮುಳುಗಿಸಿದರು. ಕನ್ನಡಕದ ಕಡ್ಡಿ ಹೋದ ಸಂದಿನಿಂದ ನೀರೆಲ್ಲ ಮಾಸ್ಕಿನೊಳಗೆ. ಸರಿ, ಕಡ್ಡಿ ಮುರಿದರು. ಮುಂದಿನ ಭಾಗವನ್ನು ಮಾತ್ರ ಒಳಗೆ ಟೇಪ್ ಹಾಕಿ ಅಂಟಿಸಿದರು. ಟೇಪು ಬಕೆಟ್ಟಿನಲ್ಲಿ ಎದ್ದು ತೇಲಿತು. ಆಮೇಲೆ ಫ್ರೇಮಿನಿಂದ ಗಾಜು ಬಿಡಿಸಿ, ಕ್ಷಣದಲ್ಲಿ ಹಿಡಿಯುವ ಅಂಟು ಹಾಕಿದರು. ಬೆಳಿಗ್ಗೆ ನೋಡಿದರೆ ಗಾಜಿನ ತುಂಬಾ ವಿಭೂತಿ ಬಳಿದ ಹಾಗೆ ಬಿಳಿ. ಅದನ್ನು ಕೆರೆದು, ಪೈಪ್ ಲೀಕಿಗೆ ಹಚ್ಚುವ ಎರಡು ಬಣ್ಣದ ಹಿಟ್ಟು ನಾದಿ, ಗಾಜಿನ ಸುತ್ತ ಬದು ಕಟ್ಟಿದರು. ನಿಂತಿತು! ಮಂಜು ಕಟ್ಟಬಾರದೆಂದು ಒಳಗೆಲ್ಲ ಟೂತ್‌ಪೇಸ್ಟ್ ಉಜ್ಜಿದರು.

ಹಾಕಿಕೊಂಡು ಪಡಸಾಲೆಗೆ ಬಂದಾಗ ಅಕ್ಕ ಸೊಪ್ಪು ಬಿಡಿಸುತ್ತಿದ್ದಳು. ತಲೆ ಎತ್ತಿ ಒಮ್ಮೆ ನೋಡಿದಳು.

"ಈ ಮೂತೀನ ತಕ್ಕೊಂಡೋಗಿ ಒಲದಲ್ಲಿ ನಿಲ್ಸುದ್ರ ಸಾಕು. ಆನ ಈ ಕಡ ತಲ ಆಕಲ್ಲ."

ತ್ರೀ-ಫೇಸ್ ಕರೆಂಟ್ ಇರುವಾಗ ಮೋಟಾರು ಓಡುತ್ತದೆ, ನೀರಿಗೆ ಇಳಿಯುವ ಹಾಗಿಲ್ಲ. ಕರೆಂಟ್ ಹೋಗುವುದು ಐದಕ್ಕೆ. ಬೇಸಿಗೆಯಲ್ಲಿ ಐದರ ಮೇಲೆ ಕಾಡಂಚಿನ ಹೊಂಡಕ್ಕೆ ಇನ್ನು ಯಾರು ಬರುತ್ತಾರೆ ಅನ್ನುವುದು ಊರಿಗೆಲ್ಲ ಗೊತ್ತು. ಬಾವನಿಗೂ ಗೊತ್ತು. ಆದರೆ ಹೊಸ ಯಂತ್ರ ಮಾಡಿದವರಿಗೆ ಹಳೆಯ ವಿಷಯಗಳು ನೆನಪಿರುವುದಿಲ್ಲ.

ಎರಡು ಸಲ ಮುಳುಗಿ ಎದ್ದರು. ಮೂರನೆಯ ಸಲ ಮುಳುಗಿದಾಗ ಅದು ಬಂತು. ಸದ್ದೇ ಇಲ್ಲ. ಅಷ್ಟು ದೊಡ್ಡ ದೇಹ ಒಂದು ಕಡ್ಡಿಯನ್ನೂ ಮುರಿಯದೆ ಬಂದು ಆಚೆ ದಡದಲ್ಲಿ ನಿಂತಿತು. ಒಂಟಿ ಗಂಡು. ನಾನು ಈಚೆ ದಡದ ಪಂಪ್‌ಹೌಸಿನ ತಾರಸಿ ಹತ್ತಿದ್ದು ಆಗಲೇ.

ಬಾವ ಎದ್ದರು. ಎದೆಮಟ್ಟ ನೀರು. ಎಡಗಡೆಯ ಗಾಜು ಕಳಚಿ ಮಾಸ್ಕಿನ ಮೂಗಿನ ಹತ್ತಿರ ಬಿದ್ದಿತ್ತು, ಬಲಗಡೆಯದರಲ್ಲಿ ಟೂತ್‌ಪೇಸ್ಟು ಕದಡಿತ್ತು. ಎದುರಿಗೆ ಬೂದು ಬಣ್ಣದ್ದೇನೋ ದೊಡ್ಡದು. ಪಕ್ಕದ ಹೊಲದ ಸಿದ್ದರಾಜನ ನೀರಿನ ಟ್ಯಾಂಕರೂ ಬೂದು ಬಣ್ಣದ್ದೇ. ಕೇಳದೆ ನೀರು ತುಂಬಿಕೊಂಡು ಹೋಗುತ್ತಾನೆ ಅಂತ ಇಬ್ಬರಿಗೂ ಮಾತು ಬಿಟ್ಟಿತ್ತು. ಬಾವ ಬಾಯಿಂದ ಪೈಪು ತೆಗೆದರು.

"ಲೋ ಸಿದ್ದರಾಜ, ಏರಿ ಮ್ಯಾಲ ತಂದು ನಿಲ್ಸಿದ್ದೀಯಲ್ಲಾ, ಕುಸೀತದ ಕಣ್ಲಾ. ಒಸಿ ಇಂದ್ಕ ತಗಿ."

ಆನೆ ಎರಡು ಹೆಜ್ಜೆ ಹಿಂದೆ ಹೋಯಿತು.

"ಇನ್ನೊಸಿ."

ಇದಾದ ಮೇಲೆ ಆನೆ ಮತ್ತೆ ಮುಂದೆ ಬಂದು ಸೊಂಡಿಲನ್ನು ನೀರಿಗೆ ಇಳಿಬಿಟ್ಟಿತು. ಬಾವನಿಗೆ ನಿಜವಾಗಿ ಸಿಟ್ಟು ಬಂದದ್ದು ಆಗ. "ನಮ್ಮೆದುರಿಗೇ ಪೈಪ್ ಬುಟ್ಟವ್ನಲ್ಲಾ ಇವ್ನು, ಕಿತ್ತು ಬಿಸಾಕ್ತೀನಿ" ಅನ್ನುತ್ತಾ ನೀರು ತಳ್ಳಿಕೊಂಡು ಅದರ ಕಡೆಗೇ ನಡೆದರು. ಕೈ ಚಾಚಿದರು.

ಎರಡು ಡಿಗ್ರಿ ಓದಿದ್ದೇನೆ ನಾನು. ಕಣ್ಣು ಚೆನ್ನಾಗಿ ಕಾಣುತ್ತದೆ. ಆ ಹೊತ್ತಿನಲ್ಲಿ ನನ್ನ ಬಾಯಿಗೆ ಬಂದದ್ದು ಇಷ್ಟೇ, ಅದೂ ಪಿಸುದನಿಯಲ್ಲಿ:

"ಬಾವ, ಆ ಟ್ಯಾಂಕರ್‌ಗ ಕಿವಿ ಅದಾವ ನೋಡಿ."

ಬಾವ ನಿಂತರು. ಎಡಗಣ್ಣು ಮುಚ್ಚಿ ಬಲಗಣ್ಣಿನಲ್ಲಿ ಮೇಲಿನಿಂದ ಕೆಳಗೆ ನೋಡಿದರು. ಕಿವಿ ಬೀಸಿತು. ಬಾವ ಪೈಪನ್ನು ಬಾಯಿಗಿಟ್ಟುಕೊಂಡು ನೀರಿನೊಳಗೆ ಕುಳಿತರು.

ಹೊರಗೆ ಉಳಿದದ್ದು ಕಿತ್ತಳೆ ತುದಿ ಮಾತ್ರ. ಆನೆಗೆ ಅದು ಕುತೂಹಲ. ನೀರಿಗೆ ಒಂದು ಹೆಜ್ಜೆ ಇಟ್ಟು, ಸೊಂಡಿಲು ಚಾಚಿ ತುದಿಯನ್ನು ಮುಟ್ಟಿತು. ಮೂಸಿತು. ಒಳಗಿಂದ ಬಾವನ ಉಸಿರು, ಹೊರಗಿಂದ ಅದರ ಉಸಿರು. ಒಂದು ಸಲ ಎಳೆದರೆ ಮುಗಿಯಿತು ಅಂತ ನಾನು ಲೆಕ್ಕ ಹಾಕುತ್ತಿದ್ದೆ. ಎಷ್ಟು ಹೊತ್ತೋ ಗೊತ್ತಿಲ್ಲ. ಆಮೇಲೆ ಅದು ತಿರುಗಿ ಸಿದ್ದರಾಜನ ಕೋಸಿನ ಹೊಲಕ್ಕೆ ಹೋಯಿತು.

ಮನೆಗೆ ಬಂದು ಬಾವ ಎರಡು ಸಲ ಬಡಿಸಿಕೊಂಡು ಉಂಡರು. "ಸರಿಯಾಗಿ ಕಂಡಿದ್ರ ಓಡ್ತಿದ್ದೆ. ಓಡಿದ್ರ ಮುಗೀತಿತ್ತು. ಕಾಣ್ದೆ ಇದ್ದದ್ದೇ ವಾಸಿ ಆಯ್ತು ಬುಡು" ಅಂದರು. ಅಕ್ಕ ಎದ್ದು ಮಾಸ್ಕನ್ನು ಒಲೆಗೆ ಹಾಕಿದಳು. (ಮೂರು ದಿನ ಅಡುಗೆಮನೆಯಲ್ಲಿ ರಬ್ಬರ್ ವಾಸನೆ.)

ಆ ರಾತ್ರಿ ಬಾವನ ಗೊರಕೆಗೆ ಹೆಂಚು ಅದುರಿತು. ನನಗೆ ಕಣ್ಣು ಮುಚ್ಚಿದರೆ ಕಿತ್ತಳೆ ತುದಿ. ಮಾರನೆಯ ರಾತ್ರಿಯೂ ಅಷ್ಟೇ, ಅದರಾಚೆಯದೂ ಅಷ್ಟೇ. ನೀರಿನೊಳಗಿದ್ದವರು ನಿದ್ದೆ ಮಾಡುತ್ತಾರೆ, ತಾರಸಿ ಮೇಲಿದ್ದವಳು ಎದ್ದು ಕೂರುತ್ತಾಳೆ. ಇದು ಯಾವ ನ್ಯಾಯ?

ಶುಕ್ರವಾರ ಹೊಸ ಕನ್ನಡಕ ಬಂತು. ಬಾವ ಹಾಕಿಕೊಂಡು, ಮೋಟಾರು ನೋಡಿ ಬರುತ್ತೇನೆ ಅಂತ ಹೊರಟರು. ನಾನೂ ಹೋದೆ. ದಡದ ಕೆಸರು ಒಣಗಿ ಗಟ್ಟಿಯಾಗಿತ್ತು. ಅದರಲ್ಲಿ ಆನೆಯ ಹೆಜ್ಜೆಗಳು, ಅಚ್ಚು ಒತ್ತಿದ ಹಾಗೆ. ಕೊನೆಯ ಹೆಜ್ಜೆ ನೀರಿನೊಳಗೇ ಇತ್ತು. ಬಾವ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ದಡದ ಒಂದು ಹೆಜ್ಜೆಯಲ್ಲಿ ತಮ್ಮ ಎರಡೂ ಕಾಲಿಟ್ಟು ನಿಂತರು. ಸುತ್ತಲೂ ಇನ್ನೂ ಜಾಗ ಮಿಕ್ಕಿತ್ತು. ತಾವು ಕುಳಿತಿದ್ದ ಜಾಗವನ್ನು ಅಲ್ಲಿಂದಲೇ ನೋಡಿದರು. ಮೋಟಾರು ನೋಡದೆಯೇ ಮನೆಗೆ ತಿರುಗಿದರು.

ಅವತ್ತು ರಾತ್ರಿ ಆ ಮನೆಯಲ್ಲಿ ಗೊರಕೆ ಕೇಳಿಸಲಿಲ್ಲ. ನಾನಂತೂ ಬೆಳಗಾಗುವವರೆಗೆ ಚೆನ್ನಾಗಿ ನಿದ್ದೆ ಮಾಡಿದೆ.