ವೈರಿಲ್ಲದ ಮೂರು ಕಾಲು

ನಮ್ಮ ಮನೆಯಲ್ಲಿ ಕಾಲೇಜು ಮುಗಿಸುವವರು ಹುಟ್ಟುವುದಿಲ್ಲ ಎಂದು ಮೊದಲು ಹೇಳಿದವಳು ಹೊರಗಿನವಳಲ್ಲ, ನನ್ನ ಸ್ವಂತ ಅಜ್ಜಿ. ಹೊಟ್ಟೆಕಿಚ್ಚಿನಿಂದ ಹೇಳಿದ್ದಲ್ಲ. ಊರವರ ಗದ್ದೆಯಲ್ಲಿ ನಾಟಿ ಮಾಡಿ ಮಾಡಿ ಸೊಂಟ ಬಾಗಿದವಳು, ಬೆಳಗಾಯಿತು ಅನ್ನುವಷ್ಟೇ ಸಹಜವಾಗಿ, "ನಮ್ಮ ಹಣೇಲಿ ಪುಸ್ತಕ ಬರ್ದಿಲ್ಲ ಮಗಾ, ಏಳನೇ ಇಯತ್ತೆ ಆದ್ರೆ ಸಾಕು" ಅನ್ನುತ್ತಿದ್ದಳು. ಅಪ್ಪ ಶಾಲೆ ಬಿಟ್ಟದ್ದು ಏಳನೆಯಲ್ಲೇ. ನಾನು ಹೇಳಹೊರಟಿರುವ ಚಳಿಗಾಲದಲ್ಲಿ ನಾನೂ ಏಳನೆಯಲ್ಲಿದ್ದೆ.

ಅದು ರೇಡಿಯೋ ಕೆಟ್ಟರೆ ಎಸೆಯದೆ, ಬಟ್ಟೆಯಲ್ಲಿ ಗಂಟುಕಟ್ಟಿ ಪೇಟೆಗೆ ತರುತ್ತಿದ್ದ ಕಾಲ. ನಿಮ್ಮ ಮನೆಯವರು ಯಾರಾದರೂ ಹಾಗೆ ತೊಡೆಯ ಮೇಲೆ ರೇಡಿಯೋ ಇಟ್ಟುಕೊಂಡು, ಮಗುವನ್ನು ಆಸ್ಪತ್ರೆಗೆ ಕರೆದೊಯ್ಯುವ ಮುಖ ಮಾಡಿಕೊಂಡು, ಬಸ್ಸಿನಲ್ಲಿ ಹೋಗಿದ್ದಿರಬಹುದು. ಸಿದ್ದಾಪುರದ ಪೇಟೆಯಲ್ಲಿ ಅಪ್ಪನ ರಿಪೇರಿ ಅಂಗಡಿ, ತೋಳು ಚಾಚಿದರೆ ಎರಡೂ ಗೋಡೆ ಸಿಗುವಷ್ಟೇ ಅಗಲ. ಶಾಲೆ ಹಿಂದಿನ ಗಲ್ಲಿಯಲ್ಲೇ ಇದ್ದುದರಿಂದ ಮಧ್ಯಾಹ್ನದ ಊಟಕ್ಕೆ, ಸಂಜೆಗೆ, ರವಿವಾರ ಇಡೀ ದಿನ ನಾನು ಅಲ್ಲೇ. ಕಾದ ಧೂಳು, ಕರಗಿದ ರಾಳ, ಮೇಣ ಎಲ್ಲ ಸೇರಿದ ಅಲ್ಲಿಯ ವಾಸನೆ ನನ್ನ ಲಂಗಕ್ಕೂ ಹತ್ತಿಕೊಂಡು, ತರಗತಿಯಲ್ಲಿ ಪಕ್ಕ ಕೂತವಳು ಮೂಗು ಹಿಡಿಯುತ್ತಿದ್ದಳು. ನನಗೆ ಅದು ಮನೆಯ ವಾಸನೆ.

ಸುಟ್ಟುಹೋದ ವಾಲ್ವುಗಳು ನನ್ನ ಗೊಂಬೆಗಳು. ವಾಲ್ವ್ ಅಂದರೆ ಹೆಬ್ಬೆರಳಿನಷ್ಟು ದೊಡ್ಡ ಗಾಜಿನ ಬುರುಡೆ. ತಲೆಗೆ ಬೆಳ್ಳಿ ಟೊಪ್ಪಿ, ಕೆಳಗೆ ಒಂಬತ್ತು ಸಣ್ಣ ಕಾಲು, ಹೊಟ್ಟೆಯೊಳಗೆ ತಗಡಿನ ಗೋಪುರ. ಹಳೆಯ ರೇಡಿಯೋಗಳಲ್ಲಿ ಸಣ್ಣ ದನಿಯನ್ನು ದೊಡ್ಡದು ಮಾಡುತ್ತಿದ್ದದ್ದು ಅದೇ. ನಾನು ಅವಕ್ಕೆ ಚಿಂದಿ ಸೀರೆ ಉಡಿಸಿ, ಬೆಂಕಿಪೊಟ್ಟಣದಲ್ಲಿ ಮಲಗಿಸಿ, ಒಂದರ ಜೊತೆ ಒಂದಕ್ಕೆ ಮದುವೆ ಮಾಡುತ್ತಿದ್ದೆ. ಯಾವ ಗೊಂಬೆಯ ಹೊಟ್ಟೆಯಲ್ಲಿ ಒಂದು ಗೋಪುರ, ಯಾವುದರಲ್ಲಿ ಜೋಡಿ ಗೋಪುರ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದೆ. ಜೋಡಿ ಇದ್ದದ್ದು ಬಸುರಿ ಗೊಂಬೆ. ಅದಕ್ಕೆ ಹುಳಿ ಮಾವಿನಕಾಯಿ.

ಅಂಗಡಿಯ ಮೂಲೆಯಲ್ಲಿ ಒಂದು ಕಬ್ಬಿಣದ ಪೆಟ್ಟಿಗೆ ಇತ್ತು. ಅದು ಶ್ರೀಪಾದಣ್ಣನದು. ಅವನು ಹೆಗ್ಗರಣೆ ಕಡೆಯ ಹೆಗಡೆಯವರ ತೋಟದ ಮನೆಯ ಹುಡುಗ, ಪೇಟೆಯ ಅಡಿಕೆ ವಖಾರಿಯಲ್ಲಿ ತೂಕ ಬರೆಯುತ್ತಿದ್ದ, ಗಿಟಾರಿನ ಹುಚ್ಚು ಹಿಡಿಸಿಕೊಂಡಿದ್ದ. ಹುಬ್ಬಳ್ಳಿಯ ಗುಜರಿಯಲ್ಲಿ ಯಾವುದೋ ಟೂರಿಂಗ್ ಟಾಕೀಸಿನ ವಾಲ್ವ್ ಆಂಪ್ಲಿಫೈಯರ್ ಸಿಕ್ಕಿತ್ತು. ಗುಜರಿಗೆ ಬೀಳುವ ಮೊದಲೇ ಯಾರೋ ಅದರ ಹೊಟ್ಟೆ ಕೊಯ್ದು ಗಿಟಾರಿಗೆ ಹೊಂದಿಸಿಟ್ಟಿದ್ದರು. ಅಪ್ಪ ಸುಟ್ಟ ಸಾಮಾನು ಬದಲಿಸಿ ಅದಕ್ಕೆ ಜೀವ ಕೊಟ್ಟಿದ್ದ. ಮನೆಯಲ್ಲಿ ಬಾರಿಸಿದರೆ ಶ್ರೀಪಾದಣ್ಣನ ಅಪ್ಪಯ್ಯ ಬೈಯುತ್ತಿದ್ದರಂತೆ. ಹಾಗಾಗಿ ಪೆಟ್ಟಿಗೆ ನಮ್ಮಲ್ಲೇ ಉಳಿಯಿತು. ಮಧ್ಯಾಹ್ನ ಊಟದ ಬಿಡುವಿಗೆ ಅವನು ಗಿಟಾರು ಹೆಗಲಿಗೆ ಹಾಕಿಕೊಂಡು ಬರುತ್ತಿದ್ದ.

ಅಪ್ಪ ಒಂದು ಬಾಗಿಲು ಎಳೆದುಕೊಳ್ಳುತ್ತಿದ್ದ. ಅರೆಗತ್ತಲಲ್ಲಿ ವಾಲ್ವುಗಳು ನಿಧಾನಕ್ಕೆ ಕೆಂಪಗಾಗುತ್ತಿದ್ದವು. ಒಂದು ನಿಮಿಷ ಏನೂ ಇಲ್ಲ. ಆಮೇಲೆ ದೂರದಲ್ಲೆಲ್ಲೋ ಜೇನು ಹಾರಿದ ಹಾಗೆ ಒಂದು ಗುಂಯ್. ಆಮೇಲೆ ಶ್ರೀಪಾದಣ್ಣನ ಮೊದಲ ತಂತಿ. ಆ ಶಬ್ದ ಕಿವಿಗೆ ಬಡಿಯುತ್ತಿರಲಿಲ್ಲ, ಜೋನಿಬೆಲ್ಲ ದೋಸೆಯ ಮೇಲೆ ಹರಡುವ ಹಾಗೆ ಅಂಗಡಿಯ ತುಂಬ ಹರಡುತ್ತಿತ್ತು. ಮೊಳೆಗೆ ನೇತುಹಾಕಿದ ಸ್ಪೀಕರುಗಳು, ಡಬ್ಬಿಯಲ್ಲಿದ್ದ ತಿರುಪುಗಳು ಎಲ್ಲ ಸಣ್ಣಗೆ ನಡುಗುತ್ತಿದ್ದವು. ನಾನು ಅವಲಕ್ಕಿ ಡಬ್ಬಿ ತೊಡೆಯ ಮೇಲಿಟ್ಟುಕೊಂಡು, ಪೆಟ್ಟಿಗೆಗೆ ಬೆನ್ನು ಕೊಟ್ಟು ಕೂರುತ್ತಿದ್ದೆ. ಶಬ್ದ ಬೆನ್ನಿನಿಂದ ಒಳಗೆ ಬರುತ್ತಿತ್ತು. ಎಷ್ಟೋ ಸಲ ಶಾಲೆಯ ಗಂಟೆ ಕೇಳದೆ ಮಾಸ್ತರರಿಂದ ಪೆಟ್ಟು ತಿಂದಿದ್ದೇನೆ.

ಆಲೆಮನೆ ಶುರುವಾದ ದಿನಗಳು. ಒಂದು ಮಧ್ಯಾಹ್ನ ಶ್ರೀಪಾದಣ್ಣ ಗಿಟಾರು ಬಿಚ್ಚದೆ ಸ್ಟೂಲಿನ ಮೇಲೆ ಕೂತ.

"ಮಂಜಣ್ಣಾ, ನಿನ್ನೆ ಪೆಟ್ಟಿಗೆ ತಗೊಂಡು ಸಿರಸಿ ಆರ್ಕೆಸ್ಟ್ರಾದವರ ಹತ್ರ ಹೋಗಿ ಬಾರ್ಸಿ ಬಂದೆ."

"ಎಂತ ಹೇಳಿದ್ರು?" ಅಪ್ಪ ತಲೆ ಎತ್ತಲಿಲ್ಲ.

"ಕೈ ಚೊಲೋ ಇದೆ, ಶಬ್ದ ಮಾತ್ರ ಭಜನೆಮನೆ ಹಾರ್ಮೋನಿಯಂ ಥರ ಕೇಳ್ತದೆ ಅಂದ್ರು. ಈ ತಿಂಗಳ ಕಡೇ ರವಿವಾರ ಇನ್ನೊಂದ್ಸಲ ಬಾ, ಶಬ್ದ ಪರ್ ಅಂತ ಹರೀಬೇಕು, ಆಗ ತಗೊಳ್ತೇವೆ ಅಂದ್ರು. ಇದಕ್ಕೆ ಗೇನ್ ಜಾಸ್ತಿ ಮಾಡಿಕೊಡು."

"ಹರಿಯೂ ಶಬ್ದ ಬೇಕಾದ್ರೆ ನನ್ನ ಹತ್ರ ಎಂತಕ್ಕೆ ಬಂದ್ರಿ ಹೆಗಡೇರೇ? ನಿಮ್ಮನೆ ಎಮ್ಮೆ ಕೂಗೂದಿಲ್ವಾ?"

ಶ್ರೀಪಾದಣ್ಣ ನಗಲಿಲ್ಲ. ನಮ್ಮ ಜೊತೆ ನಮ್ಮ ಹಾಗೆಯೇ ಮಾತಾಡುವವನು, ಮನಸ್ಸು ನೊಂದಾಗಲೋ ಅಕ್ಕರೆ ಉಕ್ಕಿದಾಗಲೋ ಮಾತ್ರ ಮನೆಮಾತಿಗೆ ಜಾರುತ್ತಿದ್ದ. "ಚಾಷ್ಟೆ ಅಲ್ಲ ಮಾರಾಯಾ. ಇದೊಂದು ತಪ್ಪಿದ್ರೆ ಆನು ಇನ್ನೆಂತ ಮಾಡವು? ಸಾಯೂವರೆಗೆ ಅಡಿಕೆ ತೂಕ ಬರೀತಾ ಕೂರವಾ?"

ಅಪ್ಪ ಆಗ ಕೈಯಲ್ಲಿದ್ದುದನ್ನು ಕೆಳಗಿಟ್ಟ.

ಅಪ್ಪನಿಗೆ ಒಂದು ಕಟ್ಟು ಇತ್ತು. ಮರಳಿ ಮೊದಲಿನಂತೆ ಮಾಡಲು ಬಾರದ ಕೆಲಸಕ್ಕೆ ಕೈ ಹಾಕಬಾರದು. ಯಾರದೇ ಸೆಟ್ಟು ಬಿಚ್ಚಲಿ, ಮೊದಲು ಯಾವ ವೈರು ಎಲ್ಲಿತ್ತು ಎಂದು ಇನ್ನೂರು ಪುಟದ ನೋಟುಪುಸ್ತಕದಲ್ಲಿ ಚಿತ್ರ ಬರೆಯುತ್ತಿದ್ದ. ಶ್ರೀಪಾದಣ್ಣ ಕೇಳಿದ ಗೇನ್, ಅಂದರೆ ದನಿಯನ್ನು ಇನ್ನಷ್ಟು ಹಿಗ್ಗಿಸುವ ಬಲ, ಬರಬೇಕಾದರೆ ಇನ್ನೊಂದು ವಾಲ್ವ್ ಕೂರಿಸಬೇಕು. ಅದಕ್ಕೆ ಕಬ್ಬಿಣದ ತಳದಲ್ಲಿ ದೊಡ್ಡ ತೂತು ಕೊರೆಯಬೇಕು. "ಹೊಡೆದ ತೂತು ಮುಚ್ಚೂಕೆ ಬರೂದಿಲ್ಲ" ಎಂದು ಅಪ್ಪ ನಾಲ್ಕು ದಿನ ತಪ್ಪಿಸಿಕೊಂಡ. ಒಂದು ಸಣ್ಣ ಕೆಪಾಸಿಟರನ್ನು ಕ್ಲಿಪ್ಪಿನಲ್ಲಿ ಸಿಕ್ಕಿಸಿ ನೋಡಿದ. ಸಾರಿಗೆ ಇನ್ನೊಂದು ಹರಳು ಉಪ್ಪು ಬಿದ್ದಷ್ಟೇ ಫರಕು. ಶ್ರೀಪಾದಣ್ಣ ಸಾಲದು ಎಂದು ತಲೆಯಾಡಿಸಿದ. ಕೊನೆಗೆ ಅಪ್ಪ ನನ್ನನ್ನು ಕರೆದ. ನಮ್ಮ ಕಡೆ ಮಗಳನ್ನೂ ತಂಗಿ ಅನ್ನುತ್ತಾರೆ.

"ತಂಗೀ, ಕೊರೆಯೂದೇ ಸೈ. ಅದಕ್ಕೂ ಮೊದ್ಲು ಪೂರ್ತಿ ಚಿತ್ರ ತೆಗಿ. ನಿನ್ನ ಕಣ್ಣು ಚುರುಕು."

ಪೆಟ್ಟಿಗೆ ಆರಿಸಿ, ಒಳಗೆ ಉಳಿದ ಕರೆಂಟನ್ನು ಅಪ್ಪ ಸ್ಕ್ರೂಡ್ರೈವರಿನಿಂದ ಚಟ್ ಎನ್ನಿಸಿ ಕಳೆದ. ನಾನು ಅದನ್ನು ಬೋರಲು ಹಾಕಿ, ಅಪ್ಪ ಕಲಿಸಿದಂತೆ ಶಾಕಿನ ಭಯಕ್ಕೆ ಎಡಗೈ ಬೆನ್ನ ಹಿಂದಿಟ್ಟುಕೊಂಡು, ಒಂದೊಂದೇ ವೈರನ್ನು ಹಿಂಬಾಲಿಸಿದೆ. ಮೊದಲನೇ ವಾಲ್ವಿನ ಹತ್ತಿರ ಮೇಣ ಮೆತ್ತಿದ ವೈರುಗಳ ಕಟ್ಟೊಂದು ಅಡ್ಡ ಹಾದಿತ್ತು. ಅದನ್ನು ಕಡ್ಡಿಯಿಂದ ಸರಿಸಿ ಎಣಿಸಿದೆ. ಒಂಬತ್ತು ಕಾಲಿನಲ್ಲಿ ಮೂರಕ್ಕೆ ವೈರೇ ಇಲ್ಲ.

ಆ ವಾಲ್ವ್ ನನಗೆ ಗೊತ್ತಿದ್ದದ್ದೇ, ಜೋಡಿ ಗೋಪುರದ್ದು. ಒಂದೇ ಗಾಜಿನೊಳಗೆ ಎರಡು ವಾಲ್ವು ಇದ್ದ ಹಾಗೆ. ಮೂರು ಕಾಲು ಖಾಲಿ ಅಂದರೆ ಅದರಲ್ಲಿ ಅರ್ಧ ಕೆಲಸವಿಲ್ಲದೆ ಕೂತಿದೆ. ಕಟ್ಟಿನ ಮರೆಯಲ್ಲಿದ್ದುದರಿಂದ ಅಪ್ಪನ ಕಣ್ಣಿಗೂ ಅದು ಬಿದ್ದಿರಲಿಲ್ಲ. ಆ ಅರ್ಧವನ್ನು ಎಬ್ಬಿಸಿದರೆ ತೂತು ಬೇಡ, ಹೊಸ ವಾಲ್ವೂ ಬೇಡ, ಗೇನ್ ಸಿಗುತ್ತದೆ.

ನಾನು ಕಟ್ಟನ್ನು ಮೊದಲಿದ್ದಂತೆ ಸರಿಸಿದೆ. ಚಿತ್ರದಲ್ಲಿ ಆ ಮೂರು ಕಾಲಿಗೂ ಸುಳ್ಳು ಗೆರೆ ಎಳೆದೆ.

ಯಾಕೆ ಎಂದು ಹೇಳುವುದು ಈಗ ಸುಲಭ. ಹೇಳಿದರೆ ಅವತ್ತೇ ಶಬ್ದ ಬದಲಾಗುತ್ತಿತ್ತು. ಹೇಳದಿದ್ದರೆ ಅಪ್ಪನಿಗೆ ಕೊರೆಯಲು ಮನಸ್ಸು ಬರುವುದಿಲ್ಲ, ದಿನ ಮುಂದೆ ಹೋಗುತ್ತದೆ, ರವಿವಾರ ದಾಟುತ್ತದೆ, ಮಧ್ಯಾಹ್ನಗಳು ಇದ್ದ ಹಾಗೇ ಇರುತ್ತವೆ ಎಂದುಕೊಂಡಿದ್ದೆ. ಶ್ರೀಪಾದಣ್ಣನ ಗತಿ ಏನು ಎಂದು ನಾನು ಯೋಚಿಸಲಿಲ್ಲ. ಆದರೆ ಅವನು ಮರುದಿನವೇ ತೊಡೆದೇವು ತಂದ. "ಕೂಸೇ, ತಗ. ಅಬ್ಬೆ ನಿಂಗೆ ಹೇಳೇ ಕೊಟ್ಟಿದ್ದು." ಅವನ ಅಮ್ಮ ನನಗೆಂದೇ ಕೊಟ್ಟ, ಕಾಗದದಷ್ಟು ತೆಳ್ಳಗಿನ ಆ ಸಿಹಿ ನನ್ನ ಬಾಯಲ್ಲಿ ನಿಜವಾಗಿಯೂ ಕಾಗದವಾಯಿತು. ಕೂತಲ್ಲಿ ಕೂರಲಾರೆ, ಗಜ್ಜಿಗದಾಟದಲ್ಲಿ ಎಸೆದ ಕಲ್ಲು ಹಿಡಿಯಲಾರೆ. ಅಜ್ಜಿ ಹಣೆ ಮುಟ್ಟಿ ನೋಡಿ ಕಷಾಯ ಕುಡಿಸಿದಳು.

ಎಂಟನೇ ದಿನ ರವಿವಾರ. ಇನ್ನೊಂದು ವಾರಕ್ಕೆ ಸಿರಸಿಯ ಪರೀಕ್ಷೆ. ಇಬ್ಬನಿ ಇನ್ನೂ ಕರಗಿರಲಿಲ್ಲ, ಎದುರಿನ ಚಾ ದುಕಾನು ಕಾಣದಷ್ಟು ಬೆಳ್ಳಗಿತ್ತು. ಅಪ್ಪ ವಾರವಿಡೀ ವಿಚಾರಿಸಿ ಎಲ್ಲಿಂದಲೋ ಕೈಡ್ರಿಲ್ಲು ತಂದಿಟ್ಟಿದ್ದ. ಮೊಳೆಯಿಂದ ಕಬ್ಬಿಣದ ಮೇಲೆ ಗುರುತು ಗೀರಿ, ಡ್ರಿಲ್ಲಿನ ಮೂತಿಯನ್ನು ಗುರುತಿನ ಮೇಲೆ ಊರಿದ. ಶ್ರೀಪಾದಣ್ಣ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದ. ಅಪ್ಪ ಹಿಡಿಕೆ ತಿರುಗಿಸದೆ, ಮೂತಿ ಎತ್ತಿ, ಗುರುತು ಒರೆಸಿ, ಮತ್ತೆ ಅಲ್ಲೇ ಊರಿದ.

"ಅಪ್ಪಾ, ಬ್ಯಾಡ."

"ಎಂತಕ್ಕೆ?"

"ಮೊದಲನೇ ವಾಲ್ವಿನ ಮೂರು ಕಾಲಿಗೆ ವೈರಿಲ್ಲ. ಅರ್ಧ ಖಾಲಿ ಇದೆ."

ಅಪ್ಪ ಡ್ರಿಲ್ಲು ಕೆಳಗಿಟ್ಟು, ಬ್ಯಾಟರಿ ಹಚ್ಚಿ, ಮೇಣದ ಕಟ್ಟನ್ನು ಎತ್ತಿ ನೋಡಿದ. ಆಮೇಲೆ ನೋಟುಪುಸ್ತಕ ತೆರೆದು ನನ್ನ ಚಿತ್ರ ನೋಡಿದ. ಮೂರು ಸುಳ್ಳು ಗೆರೆಗಳ ಮೇಲೂ ಬೆರಳಾಡಿಸಿದ.

"ಎಂದಿಂದ ಗೊತ್ತು?"

"ಎಂಟು ದಿನದಿಂದ."

"ಎಂಟು ದಿನ ಸುಮ್ನೇ ಇದ್ಯನೇ ಕೂಸೇ?" ಶ್ರೀಪಾದಣ್ಣನ ದನಿ ಏರಿತು. "ಎನ್ನ ಹೊಟ್ಟೆ ಮೇಲೆ ಹೊಡೆಯಕ್ಕೆ ನೋಡಿದ್ಯಾ?"

ನಾನು ಅಳುತ್ತಲೇ ಹೇಳಿದೆ, ಈಗಿನ ಶಬ್ದ ಹೋಗ್ತದೆ ಅಂತ ಹೇಳ್ಲಿಲ್ಲ ಎಂದು. ಅಪ್ಪ ಲುಂಗಿಯ ತುದಿಯಿಂದ ಕೈ ಒರೆಸಿಕೊಂಡ.

"ಹೆಗಡೇರೇ, ಅವಳಿಗೆ ಬೈಬೇಡಿ. ನಾನೂ ನಾಲ್ಕು ದಿನ ತಪ್ಪಿಸ್ಕಂಡಿದ್ದು ಅದಕ್ಕೇ. ನನಗೂ ಆ ಶಬ್ದದ ಮೇಲೆ ಆಸೆ." ಆಮೇಲೆ ನನ್ನ ಕಡೆ ತಿರುಗಿದ. "ಆದ್ರೆ ಪೆಟ್ಟಿಗೆ ಅವರದು ತಂಗಿ. ಆಸೆ ನಮ್ಮದು. ಸೆಟ್ಟು ತಂದವರಿಗೆ ಏನು ಬೇಕೋ ಅದನ್ನ ಮಾಡೂದು ರಿಪೇರಿ. ಸುಳ್ಳು ಗೆರೆ ಎಳೆಯೂದು ಅಲ್ಲ."

ಪೆಟ್ಟು ತಿಂದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲ.

ಕೆಲಸಕ್ಕೆ ಮೊದಲು ಅಪ್ಪ ಪೆಟ್ಟಿಗೆ ಹಚ್ಚಿದ. "ಒಂದ್ಸಲ ಬಾರ್ಸಿ. ಕಡೇದು." ಶ್ರೀಪಾದಣ್ಣ ಬಾರಿಸಿದ. ಎಷ್ಟು ಹೊತ್ತು ಎಂದು ಹೇಳಲಾರೆ. ಹೊರಗೆ ಇಬ್ಬನಿ ಅಂಗಡಿಯ ಮೆಟ್ಟಿಲವರೆಗೆ ಬಂದು ನಿಂತಿತ್ತು. ಪೇಟೆ ಇಲ್ಲ, ರಸ್ತೆ ಇಲ್ಲ, ನಾವು ಮೂವರು ಮತ್ತು ಆ ಕೆಂಪು ಗೋಪುರಗಳು ಎಲ್ಲೋ ತೇಲುತ್ತಿದ್ದೆವು. ಹಾಲಿನ ಕ್ಯಾನು ಕಟ್ಟಿದ ಒಂದು ಸೈಕಲ್ಲು ಇಬ್ಬನಿಯಿಂದ ಹೊರಬಂದು, ಒಂದು ಗಳಿಗೆ ನಿಂತು, ಮತ್ತೆ ಇಬ್ಬನಿಯೊಳಗೆ ಹೋಯಿತು. ಕೊನೆಯ ತಂತಿ ಅದುರಿ ಅದುರಿ ಸುಮ್ಮನಾಗುವವರೆಗೆ ಅಪ್ಪ ಸ್ವಿಚ್ಚಿನ ಮೇಲೆ ಕೈಯಿಟ್ಟುಕೊಂಡು ಕಾದ.

ಆಮೇಲೆ ಸೋಲ್ಡರಿಂಗ್ ಕಡ್ಡಿಯನ್ನು ನನ್ನ ಕೈಗೆ ಕೊಟ್ಟ. "ನೀ ಕಂಡದ್ದು, ನೀನೇ ಹಾಕು." ಮೂರು ಕಾಲಿಗೂ ನಾನೇ ಬೆಸುಗೆ ಹಾಕಿದೆ. ರಾಳದ ಹೊಗೆ ಕಣ್ಣಿಗೆ ಹೋಗಿ, ಅತ್ತದ್ದಕ್ಕೂ ಅದಕ್ಕೂ ಫರಕು ಉಳಿಯಲಿಲ್ಲ. ಪೆಟ್ಟಿಗೆ ಹಚ್ಚಿದರೆ ಮೊದಲು ಬಂದದ್ದು ಗಿಟಾರಲ್ಲ. ಗೇನ್ ಎಷ್ಟು ಏರಿತ್ತೆಂದರೆ ನಮ್ಮ ಉದ್ದನೆಯ ವೈರು ಗಾಳಿಯಲ್ಲಿದ್ದ ರೇಡಿಯೋವನ್ನೇ ಹಿಡಿದು, ಒಬ್ಬರು ಗಂಭೀರವಾಗಿ ಕಾಳುಮೆಣಸಿನ ಸೊರಗು ರೋಗದ ಬಗ್ಗೆ ಹೇಳತೊಡಗಿದರು.

"ಆರ್ಕೆಸ್ಟ್ರಾದಲ್ಲಿ ಇದನ್ನೇ ಬಾರ್ಸಿ, ರೈತರೆಲ್ಲ ಬರ್ತಾರೆ" ಅಂದ ಅಪ್ಪ. ಆಗ ಶ್ರೀಪಾದಣ್ಣ ನಕ್ಕ, ಸ್ಟೂಲಿನಿಂದ ಬೀಳುವಷ್ಟು ನಕ್ಕ. ವೈರು ಕತ್ತರಿಸಿ ಗಿಡ್ಡ ಮಾಡಿದ ಮೇಲೆ ಅವನು ತಂತಿ ಮೀಟಿದ. ಹೊಸ ಬಟ್ಟೆಯನ್ನು ಒಂದೇ ಸೆಳೆತಕ್ಕೆ ಹರಿದ ಹಾಗಿತ್ತು. ಚಾ ದುಕಾನಿನವರು ಎದ್ದು ಬಂದು ಬಾಗಿಲಲ್ಲಿ ನಿಂತರು.

ಸಿರಸಿಯವರು ಅವನನ್ನು ತೆಗೆದುಕೊಂಡರು. ಪೆಟ್ಟಿಗೆಯನ್ನು ಅವನು ಟೆಂಪೋದಲ್ಲಿ ಹಾಕಿಕೊಂಡು ಹೋದ ಮಧ್ಯಾಹ್ನ, ಅವಲಕ್ಕಿ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ನಾನು ಬರೀ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದೆ. ಬೇಕೆಂದಾಗ ಮೊದಲಿನಂತೆ ಮಾಡಿಸಲು ತರುತ್ತೇನೆ ಅಂದಿದ್ದ. ಮದುವೆ, ಗಣಪತಿ, ಶಾಲೆಗಳ ಗ್ಯಾದರಿಂಗು ಎಂದು ತಿರುಗಿದ, ತರಲಿಲ್ಲ. ಮುಂದೆ ಕೀಬೋರ್ಡು ಬಂದು ಆರ್ಕೆಸ್ಟ್ರಾ ಸಣ್ಣದಾಯಿತು. ಪೆಟ್ಟಿಗೆಯನ್ನು ಯಾರಿಗೋ ಕೊಟ್ಟೆ ಎಂದು ಅವನೇ ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಹೇಳಿದ. ಅಂಗಡಿಯಿದ್ದ ಜಾಗದಲ್ಲಿ ಈಗ ಮೊಬೈಲಿನ ಕವರು ಮಾರುತ್ತಾರೆ. ನೋಟುಪುಸ್ತಕ ನನ್ನ ಹತ್ತಿರ ಇದೆ. ಸುಳ್ಳು ಗೆರೆಗಳನ್ನು ಹೊಡೆದುಹಾಕಿ ಅಪ್ಪ ಸರಿ ಮಾಡಿದ ಚಿತ್ರವೂ ಅದರಲ್ಲಿದೆ. ಮೂರು ಬೆಸುಗೆ ಬಿಚ್ಚಿದರೆ ಆ ಹಳೆಯ ಶಬ್ದ ಹೊರಬರುತ್ತದೆ. ಬಿಚ್ಚಲು ಪೆಟ್ಟಿಗೆ ಎಲ್ಲಿದೆಯೋ ಗೊತ್ತಿಲ್ಲ. ಫೋನಿನಲ್ಲಿ ಎಷ್ಟೋ ಗಿಟಾರು ಹುಡುಕಿ ಕೇಳಿದ್ದೇನೆ. ಯಾವುದೂ ಬೆನ್ನಿನಿಂದ ಒಳಗೆ ಬರುವುದಿಲ್ಲ.

ನಾನು ಸಿರಸಿಗೆ ದಿನಾ ಬಸ್ಸಿನಲ್ಲಿ ಓಡಾಡಿ, ಎಲೆಕ್ಟ್ರಾನಿಕ್ಸ್ ತಗೊಂಡು ಬಿಎಸ್ಸಿ ಮುಗಿಸಿದೆ. ಒಂದು ವರ್ಷ ನಪಾಸಾಗಿ, ಮತ್ತೆ ಕಟ್ಟಿ ಮುಗಿಸಿದೆ. ಅದನ್ನೂ ಮುಚ್ಚಿಡುವುದಿಲ್ಲ. ಪದವಿ ಪತ್ರ ಬಂದ ದಿನ ಅಪ್ಪನ ಕೈಗೆ ಕೊಟ್ಟೆ. ಅವನು ಕನ್ನಡಕ ಹಾಕಿಕೊಂಡು, ಇಂಗ್ಲಿಷಿನಲ್ಲಿದ್ದ ನನ್ನ ಹೆಸರಿನ ಮೇಲೆ ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಓದಿದ. ಕೆಳಗಿದ್ದ ತನ್ನ ಹೆಸರನ್ನೂ ಹಾಗೆಯೇ ಓದಿದ. ಮಡಚದೆ ಹಾಗೇ ನನ್ನ ಕೈಗೆ ವಾಪಸು ಕೊಟ್ಟ.

"ಚೊಲೋ ಆಯ್ತು" ಅಂದ. "ಇನ್ನು ಗೊತ್ತಿದ್ದದ್ದನ್ನ ಎಂಟು ದಿನ ಇಟ್ಕಂಡು ಕೂರಬೇಡ ತಂಗಿ."