ಶೈಲಾಳ ಪುಸ್ತಕಗಳು ಬ್ಯಾಡಗಿಯಿಂದ ಮರಳಿದ್ದು

ಅಗಡಿಯ ಶೈಲಾಳಿಗೆ ರಾಣೆಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ಕೆಲಸ. ಹಾವೇರಿಯಲ್ಲಿ ಬಸ್ಸು ಬದಲಿಸಿ ದಿನಾ ಹೋಗಿಬರಬೇಕು. ಓದುವ ಹುಚ್ಚು ಮೊದಲಿನಿಂದಲೂ ಇತ್ತು. ಆದರೆ ಆ ನೂಕುನುಗ್ಗಲಿನಲ್ಲಿ ದಪ್ಪ ಪುಸ್ತಕ ಬಿಚ್ಚುವುದು ಆಗದ ಮಾತು.

೨೦೦೮ರಲ್ಲಿ ಅವಳು ಮೆಮರಿ ಕಾರ್ಡ್ ಹಾಕುವ ಮೊಬೈಲ್ ಕೊಂಡಳು. ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತಿದ್ದ ಹಳೆಯ ಕಾದಂಬರಿಗಳನ್ನು ಮನೆಯ ಕಂಪ್ಯೂಟರಿಗೆ ಇಳಿಸಿಕೊಂಡಳು. ಮೊಬೈಲಿನಲ್ಲಿ ಕನ್ನಡ ಅಕ್ಷರಗಳು ಬರೀ ಚೌಕಗಳಾಗಿ ಕಾಣುತ್ತಿದ್ದ ಕಾಲವದು. ಫೋಟೋ ಸ್ಟುಡಿಯೋ ಇಟ್ಟಿದ್ದ ಗಂಡ ಚೇತನಕುಮಾರ ಪುಟಗಳನ್ನೆಲ್ಲ ಚಿತ್ರಗಳಾಗಿ ಮಾಡಿ, ಸಣ್ಣ ಪರದೆಗೆ ಹೊಂದಿಸಿ ಕೊಟ್ಟ.

ಮೋಟೆಬೆನ್ನೂರಿನಲ್ಲಿ ಬಸ್ಸು ಹತ್ತುತ್ತಿದ್ದ ಬ್ಯಾಡಗಿಯ ನರ್ಸು ಮೆಹಬೂಬಿ ಒಂದು ದಿನ ಇಣುಕಿ ನೋಡಿದಳು.

"ಫೋನಿನ್ಯಾಗ ಕಾದಂಬರಿ? ನನಗೂ ಹಾಕಿಕೊಡವಾ."

ಶೈಲಾ ಅವಳ ಕಾರ್ಡನ್ನು ಮನೆಗೆ ಒಯ್ದು ತುಂಬಿಸಿ ತಂದಳು. ಹೊಸ ಪುಸ್ತಕ ಬಂದಾಗಲೆಲ್ಲ ಹೀಗೇ ನಡೆಯಿತು.

ಪುಸ್ತಕಗಳು ಹೆಚ್ಚಿದಂತೆ ಯಾವುದು ಎಲ್ಲಿದೆಯೋ ತಿಳಿಯದಾಯಿತು. ಚೇತನಕುಮಾರ ಕಂಪ್ಯೂಟರಿಗೂ ಮೊಬೈಲಿಗೂ ತಾಳೆ ಹಾಕುವ ಪ್ರೋಗ್ರಾಮ್ ಒಂದನ್ನು ಕೂಡಿಸಿದ. ಒಂದು ಕಡೆ ಸೇರಿಸಿದ್ದು ಇನ್ನೊಂದು ಕಡೆಯೂ ಸೇರುತ್ತಿತ್ತು, ತೆಗೆದದ್ದು ಅಲ್ಲಿಂದಲೂ ಹೋಗುತ್ತಿತ್ತು. ಕೆಲವು ತಿಂಗಳಿಗೆ ಶೈಲಾಳ ಕಾರ್ಡ್ ಕೆಟ್ಟಿತು. ಹೊಸದನ್ನು ಹಾಕಿ ವೈರು ಜೋಡಿಸಿದಳು. ಕಾರ್ಡ್ ಖಾಲಿಯಿದ್ದುದರಿಂದ, ಅವಳೇ ಎಲ್ಲ ತೆಗೆದಿದ್ದಾಳೆಂದು ಬಗೆದ ಪ್ರೋಗ್ರಾಮ್ ಕಂಪ್ಯೂಟರಿನಲ್ಲಿದ್ದುದನ್ನೂ ಅಳಿಸಿಬಿಟ್ಟಿತು.

"ಏನ್ರೀ ಇದು, ಒಂದೂ ಇಲ್ಲಲ್ಲ!"

ಚೇತನಕುಮಾರ ಏನೇನೋ ಮಾಡಿ ನೋಡಿದ. ಒಂದೂ ಮರಳಲಿಲ್ಲ. ಶೈಲಾ ಊಟ ಬಿಟ್ಟು ಮಲಗಿದಳು.

ಮರುದಿನ ಬಸ್ಸಿನಲ್ಲಿ ಸುದ್ದಿ ಕೇಳಿ ಮೆಹಬೂಬಿ ನಕ್ಕಳು. "ಅಷ್ಟಕ್ಕ ಮಾರಿ ಸಣ್ಣದು ಮಾಡ್ಕೊಂಡಿ ಏನ? ನನ್ನ ಹತ್ರ ಎಲ್ಲಾ ಅದಾವ."

"ಓದಿದ್ದು ಅಳಿಸಿರ್ತೀರಿ ಅನ್ಕೊಂಡಿದ್ದೆ ಅಕ್ಕಾ."

"ಹೆಂಗ ಅಳಿಸ್ಲಿ? ನಮ್ಮ ಅಮ್ಮಾಗ ಕಣ್ಣು ಕಾಣಂಗಿಲ್ಲ. ಸಂಜಿಗೆ ನಾನ ಓದಿ ಹೇಳ್ತೇನಿ. ಮುಗದದ್ದನ್ನೂ ಮತ್ತ ಓದು ಅಂತಾಳ. ಐತಾರ ಮನಿಗೆ ಬಾ, ಕಾರ್ಡ್ ಕೊಡ್ತೇನಿ. ಪುಸ್ತಕ ಕೊಟ್ಟಾಕಿನ ಮಾತಾಡಿಸ್ಬೇಕಂತ ಅಕಿ ಭಾಳ ದಿವಸದಿಂದ ಕೇಳಾಕತ್ಯಾಳ."

ಭಾನುವಾರ ಶೈಲಾ ಬ್ಯಾಡಗಿಗೆ ಹೋದಳು. ಮುದುಕಿ ಅವಳ ಕೈ ಹಿಡಿದು ಹತ್ತಿರ ಕೂಡಿಸಿಕೊಂಡಳು.

"ಒಂದು ಅಧ್ಯಾಯ ಓದವಾ. ಇಕಿ ದಣದ ಬಂದು ನಡುವ ಹಾರಿಸಿ ಓದ್ತಾಳ."

"ಅದೂ ಗೊತ್ತಾಗ್ತದೇನ ನಿನಗ!" ಎಂದು ಮೆಹಬೂಬಿ ಚಹಾ ಮಾಡಲು ಎದ್ದಳು.

ಶೈಲಾ ಗಟ್ಟಿಯಾಗಿ ಓದಿ ಎಷ್ಟೋ ವರ್ಷಗಳಾಗಿದ್ದವು. ಮೊದಲು ತಡವರಿಸಿದಳು. ಆಮೇಲೆ ಜಗಳದ ಮಾತು ಬಂದಾಗ ದನಿಯೂ ಏರಿತು, ಮುದುಕಿ "ಹಾಂ, ಹಂಗ!" ಎಂದು ತೊಡೆ ತಟ್ಟಿದಳು. ಚಹಾ ಆರಿತು.

ಕಾರ್ಡಿನಿಂದ ಪುಸ್ತಕಗಳೆಲ್ಲ ಕಂಪ್ಯೂಟರಿಗೆ ಮರಳಿದವು. ಚೇತನಕುಮಾರ ಅವನ್ನು ಸಿ.ಡಿ.ಗೂ ಹಾಕಿಟ್ಟ. ಕೇಳದೆ ಏನನ್ನೂ ಅಳಿಸದ ಹಾಗೆ ಪ್ರೋಗ್ರಾಮನ್ನು ಬದಲಿಸಿದ. ಶೈಲಾ ಮಾತ್ರ ಬಿಡುವಿದ್ದ ಭಾನುವಾರಗಳಲ್ಲಿ ಬ್ಯಾಡಗಿಗೆ ಹೋಗುವುದನ್ನು ಬಿಡಲಿಲ್ಲ. ಅವಳು ಓದುವಷ್ಟು ಹೊತ್ತು ಮೆಹಬೂಬಿ ಗೋಡೆಗೆ ಒರಗಿ ಸುಖವಾಗಿ ನಿದ್ದೆ ಹೋಗುತ್ತಿದ್ದಳು.